ಅಕ್ಕ ಮೂವತ್ತು ಹುಡುಗಿಯರಿಗೆ ಹೊಡೆದದ್ದು

ನಾನು ಚಿಕ್ಕವನಿದ್ದಾಗ ನನಗೆ ವಿಪರೀತ ಹೊಟ್ಟೆಕಿಚ್ಚು. ಹೇಳಲು ನಾಚಿಕೆಯಾಗುತ್ತದೆ ಮಕ್ಕಳೇ, ಆದರೆ ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನು ಸಾಧಿಸಬೇಕು? ಊರಿನವರ ಮೇಲಲ್ಲ, ನೆರೆಹೊರೆಯವರ ಮೇಲಲ್ಲ, ನನ್ನ ಸ್ವಂತ ಅಕ್ಕನ ಮೇಲೆ. ನೀವು ಕ್ರಾನ್‌ಬರ್ನ್ ಅಜ್ಜಿ ಎಂದು ಅವಳಿರುವ ಊರಿನ ಹೆಸರು ಹಿಡಿದು ಕರೆಯುತ್ತೀರಲ್ಲ, ಬಂದಾಗಲೆಲ್ಲ ನಿಮ್ಮ ಕೆನ್ನೆ ಹಿಂಡಿ ಕೆಂಪು ಮಾಡುತ್ತಾಳಲ್ಲ, ಅವಳೇ. ಆಗ ಅವಳು ಹನ್ನೊಂದು ವರ್ಷದ ಹುಡುಗಿ, ಕೊಕ್ಕರೆಯಂಥ ಕಾಲು. ನನಗೆ ಒಂಬತ್ತು.

ಉಡುಪಿಯಿಂದ ಸಿಡ್ನಿಗೆ ಬಂದು ನಮಗೆ ಒಂದೂವರೆ ವರ್ಷವಾಗಿತ್ತು. ಇಸವಿ ಎರಡು ಸಾವಿರ ದಾಟಿ ಆರೇಳು ವರ್ಷ ಕಳೆದಿದ್ದ ಕಾಲ ಅದು. ನಾವಿದ್ದದ್ದು ರೌಸ್ ಹಿಲ್‌ನಲ್ಲಿ. ಈಗ ಅಲ್ಲಿ ಕಾಲಿಡಲು ಜಾಗವಿಲ್ಲ. ಆಗ ರಸ್ತೆಯ ಒಂದು ಬದಿ ಹೊಸ ಮನೆಗಳು, ಇನ್ನೊಂದು ಬದಿ ಬರೀ ಹುಲ್ಲು ಮತ್ತು ಬೇಲಿ. ಗಾಳಿ ಬೀಸಿದರೆ ಹಸಿ ಮರದ ಹಲಗೆಯ ವಾಸನೆಯೂ ನೀಲಗಿರಿ ಎಲೆಯ ವಾಸನೆಯೂ ಒಟ್ಟಿಗೆ ಬರುತ್ತಿತ್ತು. ಬೆಳಗಾದರೆ ಬಿಳಿ ಕಾಕಟೂ ಹಕ್ಕಿಗಳು ಸಂತೆ ಕೂಡಿದಂತೆ ಅರಚುತ್ತಿದ್ದವು. ಒಂದು ದೊಡ್ಡ ಮನೆಯ ಹಿತ್ತಿಲಲ್ಲಿದ್ದ ಎರಡು ಕೋಣೆಯ ಪುಟ್ಟ ಮನೆ ನಮ್ಮದು. ಅಲ್ಲಿಯವರು ಅದಕ್ಕೆ ಗ್ರಾನಿ ಫ್ಲ್ಯಾಟ್ ಎನ್ನುತ್ತಿದ್ದರು. ಗ್ರಾನಿ ಮಾತ್ರ ಯಾರೂ ಇರಲಿಲ್ಲ.

ಅಪ್ಪ ಒಂದು ಇಂಡಿಯನ್ ರೆಸ್ಟೋರೆಂಟಿನಲ್ಲಿ ಅಡುಗೆಯವರು. ಅವರ ಅಂಗಿಗೆ ಯಾವಾಗಲೂ ಹುರಿದ ಈರುಳ್ಳಿಯ ಪರಿಮಳ. ಅಪ್ಪ, ಅಮ್ಮ ತಮ್ಮೊಳಗೆ ತುಳು ಮಾತಾಡುತ್ತಿದ್ದರು, ನಮ್ಮ ಹತ್ತಿರ ಉಡುಪಿಯ ಕನ್ನಡ. ಇಬ್ಬರೂ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಕೆಲಸಕ್ಕೆ ಬೇಕಾದ ಇಂಗ್ಲಿಷನ್ನು ಅಪ್ಪ ಅಡುಗೆಮನೆಯಲ್ಲೇ ಕಲಿತಿದ್ದರು. ಕಟ್, ಚಾಪ್, ಫ್ರೈ, ಬೀಟ್. ಬೀಟ್ ಎಂದರೆ ಮೊಟ್ಟೆಯನ್ನು ಪಾತ್ರೆಗೆ ಒಡೆದು ಹಾಕಿ, ನೊರೆ ಬರುವ ತನಕ ಬಡಿಯುವುದು. ಕ್ರಿಕೆಟ್ ನೋಡುವವರಾಗಿದ್ದರೆ ಆ ಶಬ್ದಕ್ಕೆ ಇನ್ನೊಂದು ಅರ್ಥವಿದೆ ಎಂದು ತಿಳಿದಿರುತ್ತಿತ್ತೋ ಏನೋ. ಆದರೆ ಟಿವಿಯಲ್ಲಿ ಕ್ರಿಕೆಟ್ ಹಾಕಿದರೆ ಅಪ್ಪನಿಗೆ ನಿದ್ದೆ ಬರುತ್ತಿತ್ತು.

ಊರಿನ ಶಾಲೆಯಲ್ಲಿ ಜಾಣ ಎಂದರೆ ನಾನು. ಅಕ್ಕ ಅಲ್ಲಿ ಲೆಕ್ಕಕ್ಕೇ ಇರಲಿಲ್ಲ. ಸಿಡ್ನಿಗೆ ಬಂದದ್ದೇ ಎಲ್ಲ ತಲೆಕೆಳಗಾಯಿತು. ಇಲ್ಲಿಯ ಶಾಲೆಯಲ್ಲಿ ಓಡುವವರಿಗೆ ಬೆಲೆ. ಅಕ್ಕ ಓಡಿದಳು ನೋಡಿ, ನಾಯಿ ಅಟ್ಟಿಸಿಕೊಂಡು ಬಂದವಳ ಹಾಗೆ ಓಡಿದಳು. ಒಂದೊಂದು ಓಟಕ್ಕೂ ಒಂದೊಂದು ನೀಲಿ ರಿಬ್ಬನ್. ಅಮ್ಮ ಅವನ್ನು ಫ್ರಿಜ್ಜಿನ ಬಾಗಿಲಿಗೆ ಸಾಲಾಗಿ ಸಿಕ್ಕಿಸಿದಳು. ನನ್ನದೂ ಒಂದಿತ್ತು, ಹಸಿರು ರಿಬ್ಬನ್. ಸುಮ್ಮನೆ ಬಂದು ಓಡಿದವರಿಗೆಲ್ಲ ಕೊಡುವಂಥದು. ಅಕ್ಕನ ರಿಬ್ಬನ್‌ಗಳಿಗೆ ಅಮ್ಮ ಚಿಟ್ಟೆ, ಹೂವು ಇರುವ ಮ್ಯಾಗ್ನೆಟ್ ಹಾಕಿದ್ದಳು. ನನ್ನದಕ್ಕೆ ಪಿಜ್ಜಾ ಅಂಗಡಿಯವರು ಬಿಟ್ಟಿ ಕೊಟ್ಟ ಮ್ಯಾಗ್ನೆಟ್. ಅಕ್ಕನಿಗೆ ಓಡಲು ಹೊಸ ಶೂ ಬಂತು. ಅವಳ ಹಳೆಯ ಶೂ, ಬದಿಯಲ್ಲಿ ಗುಲಾಬಿ ಪಟ್ಟಿ ಇದ್ದದ್ದು, ನನಗೆ ಬಂತು. ಆ ಪಟ್ಟಿಗೆ ನಾನು ಕಪ್ಪು ಸ್ಕೆಚ್ ಪೆನ್ ಬಳಿದೆ. ಮಳೆ ಬಂದ ದಿನ ಕಪ್ಪೆಲ್ಲ ತೊಳೆದುಹೋಗಿ ಮತ್ತೆ ಗುಲಾಬಿಯೇ ಆಯಿತು.

ನನಗೆಂದು ಉಳಿದಿದ್ದದ್ದು ಒಂದೇ ಒಂದು ದೊಡ್ಡಸ್ತಿಕೆ. ಮನೆಗೆ ಬರುವ ಇಂಗ್ಲಿಷ್ ಕಾಗದಗಳನ್ನು ಓದಿ ಹೇಳುವವನು ನಾನು. ಶಾಲೆಯಿಂದ ಬಂದದ್ದು, ಡಾಕ್ಟರು ಬರೆದದ್ದು, ಮನೆಯ ಓನರ್ ಬಾಗಿಲಡಿಯಿಂದ ತೂರಿಸಿದ್ದು, ಎಲ್ಲ ನನ್ನ ಕೈಗೇ. ಅಕ್ಕ ಓದಿದರೆ ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಗಡಗಡ ಓದಿ ಎದ್ದು ಹೋಗುತ್ತಿದ್ದಳು. ನಾನು ಒಂದೊಂದೇ ವಾಕ್ಯ ಓದಿ, ನಿಲ್ಲಿಸಿ, ಕನ್ನಡ ಮಾಡಿ ಹೇಳುತ್ತಿದ್ದೆ. ಅಪ್ಪ ಹೆಗಲ ಮೇಲಿನ ಬೈರಾಸಿನಲ್ಲಿ ಕೈ ಒರೆಸಿಕೊಂಡು, ಕಾಗದವನ್ನು ನನಗೆ ಕೊಟ್ಟು, ನನ್ನ ಮುಂದೆ ಕುರ್ಚಿ ಎಳೆದು ಕೂರುತ್ತಿದ್ದರು. ನಾನು ಹೇಳಿದ್ದಕ್ಕೆಲ್ಲ ‘ಹಾಂ’ ಎನ್ನುತ್ತಿದ್ದರು. ಅಷ್ಟು ಹೊತ್ತು ಆ ಮನೆಯಲ್ಲಿ ನಾನೇ ದೊಡ್ಡ ಜನ.

ಈಗ ಎರಡು ಇಂಗ್ಲಿಷ್ ಕ್ರಿಯಾಪದಗಳ ವಿಷಯ ಹೇಳಬೇಕು. ಅದಿಲ್ಲದೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಒಂದು ಭಾನುವಾರ ಚೆನ್ನೆಮಣೆ ಆಟದಲ್ಲಿ ನಾನು ಅಕ್ಕನನ್ನು ಸೋಲಿಸಿದೆ. ಓಡಿ ಆಗದಿದ್ದರೂ ಕೂತು ಆಯಿತಲ್ಲ ಎಂದು ಹಿಗ್ಗಿ ಹೀರೇಕಾಯಿಯಾದೆ. ಮರುದಿನ ಕ್ಲಾಸಿನಲ್ಲಿ ಒಬ್ಬೊಬ್ಬರೂ ತಮ್ಮ ಮನೆಯ ಸುದ್ದಿ ಹೇಳುವ ಹೊತ್ತಿಗೆ ನಾನು ಎದ್ದು ನಿಂತು, ಎದೆ ಉಬ್ಬಿಸಿ, ‘ಐ ವನ್ ಮೈ ಸಿಸ್ಟರ್’ ಎಂದೆ. ಕ್ಲಾಸೆಲ್ಲ ಗೊಳ್ಳೆಂದಿತು. ಯಾವ ಲಾಟರಿಯಲ್ಲಿ ಸಿಕ್ಕಿದಳು ಎಂದು ಒಬ್ಬ ಕೇಳಿದ. ಎರಡನೇ ಬಹುಮಾನ ಯಾರು, ನಿನ್ನ ಅಮ್ಮನಾ ಎಂದು ಇನ್ನೊಬ್ಬ ಕೇಳಿದ.

ಟೀಚರ್ ಅವರನ್ನು ಸುಮ್ಮನಾಗಿಸಿ ಬೋರ್ಡಿನ ಮೇಲೆ ಎರಡು ಶಬ್ದ ಬರೆದರು. ವಿನ್, ಬೀಟ್. ವಿನ್ ಮಾಡುವುದು ಆಟವನ್ನು, ಓಟವನ್ನು, ಬಹುಮಾನವನ್ನು. ಬೀಟ್ ಮಾಡುವುದು ಎದುರು ಆಡಿದವರನ್ನು. ವಿನ್ ಒಂಟಿಯಾಗಿಯೂ ನಿಲ್ಲುತ್ತದೆ. ‘ಐ ವನ್’ ಎಂದರೆ ಮಾತು ಮುಗಿಯಿತು. ಬೀಟ್ ಹಾಗಲ್ಲ, ಯಾರನ್ನು ಎಂದು ಹೇಳಲೇಬೇಕು, ಸೋತವರೊಬ್ಬರು ಅದಕ್ಕೆ ಬೇಕೇ ಬೇಕು. ನಿನ್ನೆಯ ಮಾತಾದರೆ ವಿನ್ ಹೋಗಿ ವನ್ ಆಗುತ್ತದೆ. ಬೀಟ್ ಮಾತ್ರ ಇವತ್ತಿಗೂ ಬೀಟ್, ನಿನ್ನೆಗೂ ಬೀಟ್. ಕನ್ನಡದಲ್ಲಿ ನಮಗೆ ಈ ತಾಪತ್ರಯವೇ ಇಲ್ಲ. ಆಟವನ್ನೂ ಗೆಲ್ಲುತ್ತೇವೆ, ಅಕ್ಕನನ್ನೂ ಗೆಲ್ಲುತ್ತೇವೆ. ಅದೇ ಧೈರ್ಯದಲ್ಲಿ ನಾನು ಮುಗ್ಗರಿಸಿ ಬಿದ್ದದ್ದು.

ಆ ಪಾಠವನ್ನು ನಾನು ಜನ್ಮದಲ್ಲಿ ಮರೆಯುವ ಹಾಗಿರಲಿಲ್ಲ. ಸಂಜೆಯೊಳಗೆ ಸುದ್ದಿ ಅಕ್ಕನ ಕ್ಲಾಸಿಗೂ ಮುಟ್ಟಿತು. ಅವಳ ಗೆಳತಿಯರು ನನ್ನನ್ನು ಕಂಡು ಕಿಸಿಕಿಸಿ ನಕ್ಕರು. ಅಕ್ಕ ನಗಲಿಲ್ಲ. ಅವಳು ನಗದೇ ಇದ್ದದ್ದಕ್ಕೂ ನನಗೆ ಸಿಟ್ಟು ಬಂತು.

ಅದೇ ಶುಕ್ರವಾರ ಹಲವು ಶಾಲೆಗಳ ಮಕ್ಕಳು ಸೇರುವ ದೂರದ ಓಟವಿತ್ತು. ಹುಲ್ಲಿನ ಏರು ಹತ್ತಿ, ಬೇಲಿಯ ಪಕ್ಕದಲ್ಲೇ ಸಾಗಿ, ತೊರೆಯ ಮೇಲಿನ ಮರದ ಸೇತುವೆ ದಾಟಿ ತಿರುಗಿ ಬರಬೇಕು. ನಮ್ಮನ್ನೆಲ್ಲ ನೋಡಲು ಕರೆದುಕೊಂಡು ಹೋಗಿದ್ದರು. ಏರಿನ ತುದಿಯಲ್ಲಿ ಮೊದಲು ಕಂಡದ್ದು ಅಕ್ಕನ ಎರಡು ಜಡೆ. ಒಂದು ಕಾಲಿನ ಸಾಕ್ಸ್ ಜಾರಿತ್ತು, ಬಾಯಿ ತೆರೆದಿತ್ತು. ಮಕ್ಕಳೆಲ್ಲ ಅವಳ ಹೆಸರನ್ನು ತಪ್ಪುತಪ್ಪಾಗಿ ಕೂಗುತ್ತಿದ್ದರು. ಇವಳ ಕಾಲು ಜಾರಲಿ ಎಂದು ನಾನು ಉಡುಪಿಯ ದೇವರನ್ನೆಲ್ಲ ಬೇಡಿಕೊಂಡೆ. ಅಷ್ಟು ದೂರಕ್ಕೆ ಅವರಿಗೆ ಕೇಳಿಸಲಿಲ್ಲ. ಅಕ್ಕನೇ ಮೊದಲು ಬಂದಳು. ಈ ಸಲದ ರಿಬ್ಬನ್ ಅಂಗೈ ಅಗಲ ಇತ್ತು. ಬಾಗಿಲಲ್ಲಿ ಜಾಗ ಸಾಲದೆ ನನ್ನ ಹಸಿರು ರಿಬ್ಬನ್ ಫ್ರಿಜ್ಜಿನ ಬದಿಗೆ, ಗೋಡೆಯ ಕಡೆಗೆ ಹೋಯಿತು.

ಮುಂದಿನ ಸೋಮವಾರ ಸಂಜೆ ಅಕ್ಕ ಶಾಲೆಯಿಂದ ಒಂದು ಲಕೋಟೆ ತಂದು ಮೇಜಿನ ಮೇಲಿಟ್ಟಳು. ಮುಖ ಊರಗಲವಾಗಿತ್ತು. ‘ಅಪ್ಪಾ, ನಾಳೆಗೆ ಸೈನ್ ಬೇಕು’ ಎಂದು ಕೂಗಿ ಸ್ನಾನಕ್ಕೆ ಹೋದಳು. ಸೋಮವಾರ ಅಪ್ಪನಿಗೆ ರಜೆ. ಬೈರಾಸಿನಲ್ಲಿ ಕೈ ಒರೆಸಿಕೊಂಡು ಕುರ್ಚಿ ಎಳೆದರು.

‘ಓದು ಮಗಾ, ಎಂತ ಬರೆದಿದ್ದಾರೆ ನೋಡುವ.’

ಒಳಗೆ ಒಂದು ಫಾರ್ಮ್, ಅದಕ್ಕೆ ಪಿನ್ ಮಾಡಿದ್ದ ಅಕ್ಕನ ಟೀಚರ್ ಕೈಬರಹದ ಚೀಟಿ. ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಶುಕ್ರವಾರದ ಓಟದಲ್ಲಿ ನಿಮ್ಮ ಮಗಳು ಮೂವತ್ತು ಹುಡುಗಿಯರನ್ನು ಬೀಟ್ ಮಾಡಿದಳು. ಮೆಲ್ಬರ್ನ್‌ನಲ್ಲಿ ಇನ್ನೂ ದೊಡ್ಡ ಓಟವಿದೆ. ಮೂರು ದಿನಕ್ಕೆ ಅವಳನ್ನು ಅಲ್ಲಿಗೆ ಕಳಿಸುತ್ತೇವೆ. ನಿಮ್ಮ ಸಹಿ ಬೇಕು, ನಾಳೆಯೇ ಕೊನೆಯ ದಿನ. ಹೋಗಿ ಬರುವುದು ವಿಮಾನದಲ್ಲಿ! ನಾನು ಮೆಲ್ಬರ್ನಿನ ಟ್ರಾಮನ್ನು ಚಿತ್ರದಲ್ಲಿ ಮಾತ್ರ ಕಂಡವನು. ಅಕ್ಕ ಅದರ ಕಿಟಕಿಯಿಂದ ಕೈ ಬೀಸುವುದು ನನ್ನ ಕಣ್ಣಿಗೆ ಕಟ್ಟಿತು.

‘ಶುಕ್ರವಾರ ನಿಮ್ಮ ಮಗಳು ಮೂವತ್ತು ಹುಡುಗಿಯರಿಗೆ ಹೊಡೆದಳು’ ಎಂದು ಓದಿದೆ. ‘ಅದಕ್ಕೆ ಅವಳನ್ನು ಮೂರು ದಿನ ಮೆಲ್ಬರ್ನಿಗೆ ಕಳಿಸ್ತೇವೆ.’

ಬೀಟ್ ಎಂದರೆ ಹೊಡೆಯುವುದೂ ಹೌದಲ್ಲ, ನಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಓಟ ಎಂಬ ಮಾತನ್ನು ನುಂಗಿದವನು ನಾನು. ‘ಅದಕ್ಕೆ’ ಎಂಬುದಂತೂ ಆ ಚೀಟಿಯಲ್ಲಿ ಎಲ್ಲೂ ಇರಲಿಲ್ಲ.

ಅಪ್ಪನ ಬಾಯಿಂದ ‘ಹಾಂ’ ಬರಲಿಲ್ಲ. ‘ಹೊಡೆದದ್ದಾ? ಎಲ್ಲಿ ಬರೆದಿದ್ದಾರೆ, ತೋರಿಸು’ ಎಂದರು. ನಾನು ಆ ಶಬ್ದದ ಕೆಳಗೆ ಬೆರಳಿಟ್ಟೆ. ಅಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಅವರಿಗೆ ಗೊತ್ತಿದ್ದ ಶಬ್ದವೇ.

‘ಮೂವತ್ತು ಜನಕ್ಕೆ ಹೊಡೀಲಿಕ್ಕೆ ಇವಳಿಗೆ ಕೈ ಎಷ್ಟುಂಟು?’ ಎಂದು ಅಮ್ಮ ಒಲೆಯ ಹತ್ತಿರದಿಂದ ಕೇಳಿದಳು.

‘ಕೈ ಎಷ್ಟಾದರೂ ಇರಲಿ. ಮೆಲ್ಬರ್ನಿಗೆ ಕಳಿಸುವುದಂತೆ! ಊರಲ್ಲಿ ರೌಡಿಗಳನ್ನು ಗಡಿಪಾರು ಮಾಡ್ತಾರಲ್ಲ, ಹಾಗೆ!’ ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು.

ಅಕ್ಕ ಒದ್ದೆ ಕೂದಲಲ್ಲೇ ಓಡಿ ಬಂದಳು. ವಿಷಯ ಕೇಳಿ ಮೊದಲು ಅವಳಿಗೆ ನಗುವೇ ಬಂತು. ‘ಅದು ಹೊಡೆದದ್ದಲ್ಲ ಅಪ್ಪಾ, ಗೆದ್ದದ್ದು’ ಎಂದಳು.

‘ಗೆಲ್ಲುವುದಕ್ಕೆ ವಿನ್ ಅಂತ ಹೇಳುವುದು. ಅಷ್ಟು ನಂಗೂ ಗೊತ್ತುಂಟು.’

‘ಎರಡೂ ಒಂದೇ ಅಪ್ಪಾ.’

‘ಒಂದೇ ಆದರೆ ಎರಡು ಶಬ್ದ ಯಾಕೆ? ಗೆದ್ದದ್ದು ಸಾಲದು ಅಂತ ಹೊಡೆದದ್ದಾ?’

ಅಕ್ಕ ಚೀಟಿಗೆ ಕೈ ಚಾಚಿದಳು. ‘ನಿನ್ನ ವಿಷಯವನ್ನು ನೀನೇ ಓದುವುದು ಬೇಡ’ ಎಂದು ಅಪ್ಪ ಅದನ್ನು ಹಿಂದಕ್ಕೆಳೆದುಕೊಂಡರು. ಆಗ ಅಕ್ಕ ನನ್ನ ಕಡೆ ತಿರುಗಿದಳು. ‘ನೀನಾದ್ರೂ ಹೇಳು ಮಾರಾಯ. ಮೊನ್ನೆ ನಿನ್ನ ಟೀಚರ್ ಬೋರ್ಡಲ್ಲಿ ಬರೆದು ಹೇಳಿಕೊಟ್ಟದ್ದಲ್ವಾ?’

ಮೂವರೂ ನನ್ನನ್ನೇ ನೋಡುತ್ತಿದ್ದರು. ಅಕ್ಕನ ಕೂದಲಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು.

‘ನಂಗೆ ನೆನಪಿಲ್ಲ’ ಎಂದೆ.

ಅಕ್ಕ ನನ್ನನ್ನು ಒಮ್ಮೆ ನೋಡಿದಳು, ಅಷ್ಟೆ. ಊಟಕ್ಕೂ ಬರಲಿಲ್ಲ. ಸಹಿ ಇಲ್ಲದ ಫಾರ್ಮ್ ಮೇಜಿನ ಮೇಲೆ ಬಿದ್ದಿತ್ತು. ಅದನ್ನು ನೋಡುತ್ತಾ ನಾನು ಗಂಜಿ ಉಂಡೆ, ಅಕ್ಕನ ಪಾಲಿನ ಹಪ್ಪಳವನ್ನೂ ತಿಂದೆ. ಖುಷಿಯಾಗಿತ್ತು ಮಕ್ಕಳೇ. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಗಿತ್ತು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮನೆಯಲ್ಲೆಲ್ಲ ತುಪ್ಪದ ಘಮ. ಅಕ್ಕ ಯಾರಿಗೂ ಹೇಳದೆ ಬೇಗನೆ ಶಾಲೆಗೆ ಹೋಗಿದ್ದಳು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಊರಲ್ಲಿ ಮದುವೆಗೆ ಹೋಗುವಾಗ ಹಾಕುತ್ತಿದ್ದದ್ದು. ಕೈಯಲ್ಲಿ ಒಂದು ಡಬ್ಬಿ. ‘ಗೋಡಂಬಿ ಬರ್ಫಿ’ ಎಂದರು. ‘ಸರಿಯಾಗಿ ಮೂವತ್ತು ತುಂಡು ಉಂಟು. ಪೆಟ್ಟು ತಿಂದ ಮಕ್ಕಳಿಗೆ ಒಂದೊಂದು ಕೊಡಲಿ. ನೀನೂ ಬಾ, ಟೀಚರ್ ಹೇಳಿದ್ದನ್ನು ನಂಗೆ ಕನ್ನಡ ಮಾಡಿ ಹೇಳು.’

ಶಾಲೆಗೆ ನಡೆದೇ ಹೋಗುವ ದಾರಿ. ಇಬ್ಬನಿಗೆ ಹುಲ್ಲು ಒದ್ದೆಯಾಗಿತ್ತು, ನನ್ನ ಶೂಗಳ ಗುಲಾಬಿ ಪಟ್ಟಿ ಫಳಫಳ ಹೊಳೆಯುತ್ತಿತ್ತು. ಅಪ್ಪ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಬಾಯಿಪಾಠ ಮಾಡುತ್ತಿದ್ದರು. ಮರೆತರೆ ನಿಂತು, ಕಣ್ಣು ಮುಚ್ಚಿ, ಮೊದಲಿನಿಂದ ಶುರುಮಾಡುತ್ತಿದ್ದರು. ಡಬ್ಬಿ ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದಿದ್ದರು. ನಿನ್ನೆಯ ಖುಷಿ ನನಗೆ ಅಲ್ಲಿಂದಲೇ ಇಳಿಯತೊಡಗಿತು.

ಅಕ್ಕನ ಟೀಚರ್ ಕೋಣೆಯಲ್ಲಿದ್ದರು. ಅಪ್ಪ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕೈಮುಗಿದು, ‘ಸಾರಿ ಮೇಡಂ. ಮೈ ಡಾಟರ್ ಬೀಟ್ ಥರ್ಟಿ ಗರ್ಲ್ಸ್. ವೆರಿ ಸಾರಿ’ ಎಂದರು.

ಮಗಳ ಗೆಲುವಿನಿಂದ ಬೀಗುತ್ತಿರುವ ತಂದೆ ತಮಾಷೆ ಮಾಡುತ್ತಿದ್ದಾರೆ ಎಂದು ಟೀಚರ್ ತಿಳಿದುಕೊಂಡರು. ‘ಯೆಸ್, ಶಿ ಡಿಡ್!’ ಎಂದು ಚಪ್ಪಾಳೆ ತಟ್ಟಿ ನಕ್ಕರು. ಪಕ್ಕದ ಕೋಣೆಯ ಇನ್ನಿಬ್ಬರು ಟೀಚರ್‌ಗಳನ್ನು ಕರೆದು, ಇವರು ಹೇಳುವುದನ್ನು ಕೇಳಿ ಎಂದರು. ಅವರೂ ನಕ್ಕರು, ಅಪ್ಪನ ಬೆನ್ನು ತಟ್ಟಿದರು. ಡಬ್ಬಿ ತೆರೆದು ಒಂದೊಂದು ಬರ್ಫಿ ಬಾಯಿಗೆ ಹಾಕಿಕೊಂಡರು.

ಅಪ್ಪ ಮುಗಿದ ಕೈಯನ್ನು ಇಳಿಸಿರಲಿಲ್ಲ. ಅವರ ಕಿವಿ ಕೆಂಪಗಾಗಿತ್ತು. ತನ್ನ ಇಂಗ್ಲಿಷಿಗೆ ಇವರೆಲ್ಲ ನಗುತ್ತಿದ್ದಾರೆ ಎಂದುಕೊಂಡಿದ್ದರು. ಆ ನಗು ಹೇಗೆ ಸುಡುತ್ತದೆ ಎಂದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

‘ಎಂತ ಮಗಾ, ಇವರು ಯಾಕೆ ನಗುವುದು?’ ಎಂದು ಅಪ್ಪ ಮೆಲ್ಲಗೆ ಕೇಳಿದರು. ‘ನಾನು ತಪ್ಪು ಹೇಳಿದೆನಾ?’

ಇನ್ನೊಂದು ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಅಪ್ಪನ ಮುಖ ನೋಡಿ ಅದು ಹೊರಗೆ ಬರಲಿಲ್ಲ.

‘ನೀವಲ್ಲ ಅಪ್ಪ, ನಾನು ತಪ್ಪು ಹೇಳಿದ್ದು. ಬೀಟ್ ಅಂದ್ರೆ ಸೋಲಿಸುವುದೂ ಹೌದು. ಅಕ್ಕ ಓಟದಲ್ಲಿ ಎಲ್ಲರನ್ನೂ ಸೋಲಿಸಿದ್ದು. ಮೆಲ್ಬರ್ನಲ್ಲಿ ಇನ್ನೊಂದು ಓಟ ಉಂಟು, ಅಲ್ಲಿಗೆ ಕಳಿಸುವುದು ಅವಳನ್ನು.’

‘ನಿಂಗೆ ನಿನ್ನೆ ಗೊತ್ತಿತ್ತಾ?’

‘ಗೊತ್ತಿತ್ತು.’

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅಪ್ಪ ಜೇಬಿನಿಂದ ಫಾರ್ಮ್ ತೆಗೆದರು. ಸಹಿ ಹಾಕದೆ ವಾಪಸು ಕೊಡಲೆಂದು ತಂದಿದ್ದರು. ಟೀಚರ್ ಹತ್ತಿರ ಪೆನ್ ಕೇಳಿ ತೆಗೆದುಕೊಂಡು, ಕನ್ನಡ ಅಕ್ಷರದಲ್ಲಿ ಸಹಿ ಹಾಕಿದರು. ಆಮೇಲೆ ತಾವೂ ಎಲ್ಲರ ಜೊತೆ ನಕ್ಕರು, ಬರ್ಫಿ ಇನ್ನೊಂದು ತಗೊಳ್ಳಿ ಎಂದು ಕೈಸನ್ನೆಯಲ್ಲೇ ಒತ್ತಾಯ ಮಾಡಿದರು. ಹೊರಗೆ ಬಂದು ನನ್ನ ಕ್ಲಾಸಿನ ಬಾಗಿಲ ತನಕ ನನ್ನ ಜೊತೆ ನಡೆದರು. ‘ಹೋಗು, ಬೆಲ್ ಆಯ್ತು’ ಎಂದರು. ಅಷ್ಟೇ ಹೇಳಿದ್ದು.

ಆ ಸಂಜೆ ಕೆಲಸಕ್ಕೆ ಹೊರಡುವ ಮೊದಲು ಅಪ್ಪ ಅಕ್ಕನನ್ನು ಕರೆದು, ‘ತಪ್ಪು ನಂದು ಮಗಾ, ಆ ಶಬ್ದ ನಂಗೆ ಸರಿ ಗೊತ್ತಿರ್ಲಿಲ್ಲ’ ಎಂದರು. ನನ್ನ ಹೆಸರು ಎತ್ತಲಿಲ್ಲ. ಅಕ್ಕನಿಗೆ ಎಲ್ಲವೂ ಗೊತ್ತಿತ್ತು, ಅವಳೂ ಎತ್ತಲಿಲ್ಲ. ಮೆಲ್ಬರ್ನಿಗೆ ಹೋದಳು, ಹದಿನೇಳನೆಯ ಸ್ಥಾನ ಗಿಟ್ಟಿಸಿ ಬಂದಳು. ಅದನ್ನು ಕೇಳಿದಾಗ ಕೂಡ ನನ್ನ ಹೊಟ್ಟೆ ಚೂರು ತಣ್ಣಗಾಯಿತು, ಅಂಥವನು ನಾನು. ಅಮ್ಮನಿಗೆ ಟ್ರಾಮ್ ಚಿತ್ರದ ಮ್ಯಾಗ್ನೆಟ್ ತಂದಿದ್ದಳು, ಅಪ್ಪನಿಗೆ ಒಂದು ಟೊಪ್ಪಿ. ‘ನಿಂಗೆ ಎಂತದೂ ತರ್ಲಿಲ್ಲ. ಬೇಕಂತಲೇ ತರ್ಲಿಲ್ಲ’ ಎಂದಳು.

ಕೆಲವು ದಿನ ಕಳೆದು ಮನೆಯ ಓನರಿನಿಂದ ಒಂದು ಕಾಗದ ಬಂತು. ಅಪ್ಪ ಕೈ ಒರೆಸಿಕೊಂಡು ಕುರ್ಚಿ ಎಳೆದರು. ನಾನು ಕೈ ಚಾಚಿದೆ. ಅಪ್ಪ ಅಕ್ಕನನ್ನು ಕರೆದರು. ‘ನೀನು ಓದು. ಮೆಲ್ಲ ಓದು, ನಂಗೆ ತಿಳಿಯುವ ಹಾಗೆ’ ಎಂದರು. ಅಕ್ಕ ಒಂದೊಂದೇ ವಾಕ್ಯ ಓದಿ, ನಿಲ್ಲಿಸಿ, ಕನ್ನಡ ಮಾಡಿ ಹೇಳಿದಳು. ಅಪ್ಪ ‘ಹಾಂ’ ಎಂದರು. ನೀಲಿ ರಿಬ್ಬನ್, ಹೊಸ ಶೂ, ವಿಮಾನ, ಮೆಲ್ಬರ್ನ್, ಯಾವುದಕ್ಕೂ ನನ್ನ ಹೊಟ್ಟೆ ಆ ‘ಹಾಂ’ಗೆ ಉರಿದಷ್ಟು ಉರಿದಿರಲಿಲ್ಲ.

ಅಪ್ಪ ನನ್ನನ್ನು ಬೈಯಲಿಲ್ಲ. ಮೊದಲಿನ ಹಾಗೆಯೇ ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿದರು, ನನ್ನ ಜ್ವರಕ್ಕೆ ನಿದ್ದೆಗೆಟ್ಟರು. ನಾನು ದೊಡ್ಡವನಾಗಿ, ಇದೇ ಮೆಲ್ಬರ್ನಿಗೆ ಬಂದು, ಇಂಗ್ಲಿಷಿನಿಂದಲೇ ಅನ್ನ ಸಂಪಾದಿಸಿದೆ. ಆದರೂ ಕಾಗದ ಬಂದರೆ ಅಪ್ಪ ಫೋನ್ ಮಾಡುತ್ತಿದ್ದದ್ದು ಅಕ್ಕನಿಗೆ. ಅವರು ಬದುಕಿದ್ದಷ್ಟು ಕಾಲ ನನಗೆ ಇನ್ನೊಂದು ಕಾಗದ ಓದಲು ಕೊಡಲಿಲ್ಲ.

ನಿಮ್ಮ ಕಾಲವೇ ಬೇರೆ. ವಿಂಡಮ್ ವೇಲ್‌ನ ಈ ಮನೆಗೆ ಯಾವ ಭಾಷೆಯ ಕಾಗದ ಬಂದರೂ ನಿಮ್ಮ ಕೈಯಲ್ಲಿರುವ ಯಂತ್ರಕ್ಕೆ ತೋರಿಸಿದ್ದೇ ತಡ, ಬೇಕಾದ ಭಾಷೆಯಲ್ಲಿ ಓದಿ ಹೇಳುತ್ತದೆ. ವಿನ್ ಯಾವುದು, ಬೀಟ್ ಯಾವುದು ಎಂದು ಅದಕ್ಕೆ ಗೊಂದಲವಾಗುವುದಿಲ್ಲ. ಅಕ್ಕನ ಮೇಲೆ ಅದಕ್ಕೆ ಹೊಟ್ಟೆಕಿಚ್ಚೂ ಇಲ್ಲ. ನಿಮ್ಮ ಅಪ್ಪ ನಿಮ್ಮ ಮುಂದೆ ಕುರ್ಚಿ ಎಳೆದು ಕೂರುವ ಪ್ರಸಂಗವೇ ಬರಲಿಲ್ಲ. ನನಗೆ ಆಸ್ಪತ್ರೆಯಿಂದ ಕಾಗದ ಬಂದಾಗ ಮಾತ್ರ ನಾನು ಅದನ್ನು ನಿಮ್ಮ ಕೈಗೆ ಕೊಟ್ಟು ಓದಿ ಹೇಳಿ ಎನ್ನುತ್ತೇನೆ. ಅಜ್ಜನಿಗೆ ಯಂತ್ರ ಬಳಸಲು ಬರುವುದಿಲ್ಲ ಎಂದು ನೀವು ನಗುತ್ತೀರಿ. ಬರುತ್ತದೆ ಮಕ್ಕಳೇ, ಚೆನ್ನಾಗಿಯೇ ಬರುತ್ತದೆ.

ಮೊನ್ನೆಯ ಕಾಗದವನ್ನು ನಿಮ್ಮಲ್ಲಿ ದೊಡ್ಡವಳು ಓದಿದಳು. ಅವಳು ಓದುತ್ತಿರುವಾಗ ನಾನು ಚಿಕ್ಕವನ ಮುಖ ನೋಡಿದೆ. ಮೂತಿ ಸೊಟ್ಟ ಮಾಡಿಕೊಂಡು, ಸೋಫಾದ ಅಂಚು ಕೆರೆಯುತ್ತಾ ಕೂತಿದ್ದ. ಮುಂದಿನ ಕಾಗದ ಅವನು ಓದಲಿ. ಬೇಕಂತಲೇ ತಪ್ಪು ಓದಿದರೂ ಪರವಾಗಿಲ್ಲ. ಅದರ ನಂತರ ಬರುವುದನ್ನೂ ಅವನಿಗೇ ಕೊಡುತ್ತೇನೆ.